ಗಡಿಯಾರದ ಪಕ್ಕದ ಜಾತ್ರೆ: ಕರೆಯದೆ ಶುರುವಾಗುವ ಪ್ರೋಗ್ರಾಂಗಳನ್ನು ಗುರುತಿಸಿ ನಿಲ್ಲಿಸುವ ಬಗೆ

ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಪ್ಪನ ಕಂಪ್ಯೂಟರಿನ ಬಲ ಮೂಲೆಯಲ್ಲಿ, ಗಡಿಯಾರದ ಪಕ್ಕ, ಕಳೆದ ಮಳೆಗಾಲದಲ್ಲಿ ನಾನು ಎಣಿಸಿದಾಗ 17 ಐಕಾನುಗಳಿದ್ದವು. ಅವುಗಳಲ್ಲಿ ಚಿಕ್ಕಪ್ಪ ಬೇಕೆಂದು ಹಾಕಿಸಿಕೊಂಡವು ಎರಡೇ: ಕನ್ನಡ ಬರೆಯಲು ನುಡಿ, ಕರೆಂಟ್ ಹೋದಾಗ ಎಚ್ಚರಿಸಲು ಯುಪಿಎಸ್‌ನದೊಂದು. ಉಳಿದ 15 ಪ್ರಿಂಟರಿನ ಜೊತೆ, ಹಳೆಯ ಇಂಟರ್ನೆಟ್ ಡಾಂಗಲ್ ಜೊತೆ, ಮೊಮ್ಮಗಳ ಆನ್‌ಲೈನ್ ತರಗತಿಯ ಜೊತೆ ಬಂದು ಜಗಲಿಯಲ್ಲಿ ಕುಳಿತವು ಹಾಗೆಯೇ ಉಳಿದುಬಿಟ್ಟಿದ್ದವು. “ಗುಂಡಿ ಒತ್ತಿ ಕೊಟ್ಟಿಗೆ ಕೆಲಸ ಮುಗಿಸಿ ಬಂದರೂ ಇದು ಎದ್ದಿರುವುದಿಲ್ಲ ಮಾರಾಯ” ಎನ್ನುವುದು ಅವರ ದೂರು. ಪಹಣಿ ನೋಡಲು, ಶಿವಮೊಗ್ಗ ಮಾರುಕಟ್ಟೆಯ ರಾಶಿ, ಸರಕು ಅಡಿಕೆಯ ಧಾರಣೆ ನೋಡಲು ಕುಳಿತ ಮನುಷ್ಯ ಅಷ್ಟು ಹೊತ್ತು ಕಾಯಬೇಕಾದ ಕಾರಣವಿಲ್ಲ.

ಇಲ್ಲಿ ಬರೆದಿರುವುದು ವಿಂಡೋಸ್ 10 ಮತ್ತು 11ಕ್ಕೆ. 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರೂ ನಮ್ಮ ಕಡೆಯ ಮನೆಗಳಲ್ಲಿ ಅದು ಇನ್ನೂ ಓಡುತ್ತಿದೆ. ಮೆನುಗಳ ಹೆಸರು ಒಂದಿಷ್ಟು ಹಿಂದೆ ಮುಂದೆ ಇರಬಹುದು.

ಕೈ ಹಾಕುವ ಮೊದಲು

ಗುಡುಗು ಕೇಳಿಸುತ್ತಿದ್ದರೆ ಇವತ್ತು ಬೇಡ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಮೊದಲು ವಿದ್ಯುತ್ ಪ್ಲಗ್ ಮಾತ್ರವಲ್ಲ, ಇಂಟರ್ನೆಟ್ ತಂತಿಯನ್ನೂ ಕಿತ್ತಿಡಿ. ಸಿಡಿಲು ತಂತಿ ಹಿಡಿದು ಒಳಗೆ ಬರುತ್ತದೆ, ಯುಪಿಎಸ್ ಅದನ್ನು ತಡೆಯುತ್ತದೆ ಎಂದು ನಂಬಿ ಕೂರಬೇಡಿ. ಯುಪಿಎಸ್ ಕೂಗುತ್ತಿರುವಾಗ ಅನ್‌ಇನ್‌ಸ್ಟಾಲ್ ಮಾಡುವ ಕೆಲಸವನ್ನೂ ಹಚ್ಚಿಕೊಳ್ಳಬೇಡಿ. ಅರ್ಧದಲ್ಲಿ ಕರೆಂಟ್ ಹೋದರೆ ಆ ಪ್ರೋಗ್ರಾಂ ಇದ್ದದ್ದೂ ಅಲ್ಲ, ಹೋದದ್ದೂ ಅಲ್ಲ ಎಂಬ ಸ್ಥಿತಿಯಲ್ಲಿ ನಿಲ್ಲುತ್ತದೆ.

ಫೋಟೊ, ಲೆಕ್ಕ, ದಾಖಲೆಗಳ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ಹಾಕಿಕೊಳ್ಳಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಾದರೂ ಸಾಕು. ಯಾವ ದಿನ, ಯಾವ ಹೆಸರಿನದನ್ನು ನಿಲ್ಲಿಸಿದಿರಿ ಎಂದು ಅದರಲ್ಲಿ ಬರೆಯುತ್ತಾ ಹೋಗಿ. ಒಂದು ಸಲಕ್ಕೆ ಎರಡು ಮೂರಕ್ಕಿಂತ ಹೆಚ್ಚು ನಿಲ್ಲಿಸಬೇಡಿ. ಹತ್ತನ್ನು ಒಟ್ಟಿಗೆ ನಿಲ್ಲಿಸಿ ಮರುದಿನ ಧ್ವನಿ ಬರದಿದ್ದರೆ, ಕೆಟ್ಟದ್ದು ಯಾವುದರಿಂದ ಎಂದು ಹುಡುಕುವುದರಲ್ಲೇ ದಿನ ಹೋಗುತ್ತದೆ.

ಪರೀಕ್ಷೆ ಮಾಡುವಾಗ ಶಟ್‌ಡೌನ್ ಕೊಡಬೇಡಿ, ರೀಸ್ಟಾರ್ಟ್ ಕೊಡಿ. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಇದೆ. ಅದು ಚಾಲೂ ಇದ್ದರೆ ಶಟ್‌ಡೌನ್ ಕೊಟ್ಟಾಗ ವ್ಯವಸ್ಥೆಯ ಒಂದು ಭಾಗ ಡಿಸ್ಕಿನ ಮೇಲೆ ನಿದ್ದೆ ಹೋಗಿರುತ್ತದೆ, ಪೂರ್ತಿ ಆರಿರುವುದಿಲ್ಲ. ಚಿಕ್ಕಪ್ಪ ದಿನಾ ರಾತ್ರಿ ಆರಿಸುತ್ತಿದ್ದರೂ ಟಾಸ್ಕ್ ಮ್ಯಾನೇಜರಿನ (ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಕಿಟಕಿ, ತೆರೆಯುವ ಬಗೆ ಮುಂದೆ ಇದೆ) ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಕೆಳಗಿನ ಅಪ್ ಟೈಮ್, ಅಂದರೆ ಪೂರ್ತಿ ಆರದೆ ಓಡಿದ ಅವಧಿ, 23 ದಿನ ತೋರಿಸುತ್ತಿತ್ತು. ಅದನ್ನು ನೋಡಿ ನಾನು ರೀಸ್ಟಾರ್ಟ್ ಕೊಟ್ಟೆ. ಅರ್ಧ ರೋಗ ಅಲ್ಲಿಯೇ ವಾಸಿಯಾಯಿತು.

ಪರದೆ ಬರುತ್ತದೆ, ಆದರೆ ಹತ್ತು ನಿಮಿಷ ಏನೂ ತೆರೆಯುವುದಿಲ್ಲ

ಲಾಗಿನ್ ಆಗುವವರೆಗೆ ಚುರುಕಾಗಿದ್ದು ಆಮೇಲೆ ಸುತ್ತುತ್ತಾ ಕೂತರೆ, ಹೊರೆ ಇರುವುದು ಬಹುಪಾಲು ಸ್ಟಾರ್ಟಪ್ ಪಟ್ಟಿಯಲ್ಲಿ, ಅಂದರೆ ಲಾಗಿನ್ ಆದೊಡನೆ ತಾವಾಗಿ ಶುರುವಾಗುವ ಪ್ರೋಗ್ರಾಂಗಳ ಪಟ್ಟಿಯಲ್ಲಿ. ಲಾಗಿನ್ ಪರದೆ ಬರುವುದಕ್ಕೇ ತಡವಾದರೆ ಕಾರಣ ಬೇರೆ. ಕೊನೆಯ ಭಾಗಕ್ಕೆ ಹೋಗಿ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ವಿಂಡೋಸ್ 10ರಲ್ಲಿ ಅದು ಚಿಕ್ಕ ಪೆಟ್ಟಿಗೆಯಾಗಿ ಬಂದರೆ ಕೆಳಗಿನ ಮೋರ್ ಡೀಟೇಲ್ಸ್ ಒತ್ತಿ ಸ್ಟಾರ್ಟಪ್ ಪುಟಕ್ಕೆ ಹೋಗಿ. 11ರಲ್ಲಿ ಎಡಗಡೆ ಸ್ಟಾರ್ಟಪ್ ಆ್ಯಪ್ಸ್ ಎಂದಿರುತ್ತದೆ. ವಿಂಡೋಸ್ 7 ಉಳಿಸಿಕೊಂಡವರಿಗೆ ಈ ಪುಟ ಇಲ್ಲ, ಅವರು ವಿಂಡೋಸಿನದೇ ಎಂಎಸ್‌ಕಾನ್ಫಿಗ್ ಎಂಬ ಸಾಧನ ಬಳಸಬೇಕು.

ಪಟ್ಟಿಯಲ್ಲಿ ಸ್ಟಾರ್ಟಪ್ ಇಂಪ್ಯಾಕ್ಟ್ ಎಂಬ ಸಾಲಿದೆ. ಹೈ ಎಂದರೆ ಆ ಪ್ರೋಗ್ರಾಂ ಶುರುವಾಗುವಾಗ ಸಿಪಿಯುವಿನ 1 ಸೆಕೆಂಡಿಗಿಂತ ಹೆಚ್ಚು ಸಮಯವನ್ನೋ ಡಿಸ್ಕಿನಿಂದ 3 ಎಂಬಿಗಿಂತ ಹೆಚ್ಚನ್ನೋ ತಿಂದಿದೆ ಎಂದರ್ಥ. ಎರಡರಲ್ಲೂ ಕಡಿಮೆ, ಅಂದರೆ 300 ಮಿಲಿಸೆಕೆಂಡ್ ಮತ್ತು 300 ಕೆಬಿಗಿಂತ ಕಡಿಮೆ ಇದ್ದರೆ ಲೋ. ನಾಟ್ ಮೆಷರ್ಡ್ ಎಂದಿದ್ದರೆ ಇನ್ನೂ ಅಳೆದಿಲ್ಲ ಅಷ್ಟೆ, ಹಗುರ ಎಂದಲ್ಲ. ಹೈ ಇರುವವುಗಳಿಂದ ಶುರು ಮಾಡಿ. ಹೆಸರಿನ ಮೇಲೆ ಮೌಸಿನ ಬಲ ಗುಂಡಿ ಒತ್ತಿ ಡಿಸೇಬಲ್ ಕೊಟ್ಟರೆ ಆಯಿತು. ಇದರಿಂದ ಪ್ರೋಗ್ರಾಂ ಅಳಿಯುವುದಿಲ್ಲ, ನೀವಾಗಿ ತೆರೆದರೆ ತೆರೆಯುತ್ತದೆ. ತಪ್ಪಾಯಿತು ಎನಿಸಿದರೆ ಅಲ್ಲೇ ಎನೇಬಲ್ ಇದೆ.

ಹೆದರದೆ ನಿಲ್ಲಿಸಬಹುದಾದವು ಎಂದರೆ ವಿಡಿಯೊ ಕರೆಯ, ಹರಟೆಯ, ಹಾಡಿನ, ಆಟದ ಪ್ರೋಗ್ರಾಂಗಳು, ಪ್ರಿಂಟರ್ ಕಂಪನಿಯ ಶಾಯಿ ನೆನಪಿಸುವ ಸಹಾಯಕ, ಈಗ ಬಳಸದ ಡಾಂಗಲ್‌ನ ಪ್ರೋಗ್ರಾಂ, ಮೊಬೈಲ್ ಜೋಡಿಸುವ ತಂತ್ರಾಂಶ. ಪ್ರಿಂಟರಿನ ಸಹಾಯಕ ಇಲ್ಲದಿದ್ದರೂ ಮುದ್ರಣ ಸಾಮಾನ್ಯವಾಗಿ ನಡೆಯುತ್ತದೆ, ಸ್ಕ್ಯಾನ್ ಗುಂಡಿ ಮಾತ್ರ ಕೆಲವು ಮಾದರಿಗಳಲ್ಲಿ ಮುನಿಸಿಕೊಳ್ಳಬಹುದು. ಫೈಲುಗಳ ನಕಲನ್ನು ಇಂಟರ್ನೆಟ್ಟಿನಲ್ಲಿ ಇಡುವ ಮೈಕ್ರೋಸಾಫ್ಟಿನ ಒನ್‌ಡ್ರೈವ್ ವಿಷಯದಲ್ಲಿ ಮಾತ್ರ ತಡೆಯಿರಿ. ನಿಮ್ಮ ಡೆಸ್ಕ್‌ಟಾಪಿನ ಫೋಟೊಗಳು ಅದರ ಮೂಲಕ ಮೇಲೆ ಹೋಗಿ ಉಳಿಯುತ್ತಿದ್ದರೆ, ನಿಲ್ಲಿಸಿದ ದಿನದಿಂದ ಆ ನಕಲು ನಿಲ್ಲುತ್ತದೆ.

ಬಿಡಬೇಕಾದವು: ಲ್ಯಾಪ್‌ಟಾಪಿನ ಟಚ್‌ಪ್ಯಾಡಿನದು, ಧ್ವನಿಯದು, ವಿಂಡೋಸ್ ಸೆಕ್ಯುರಿಟಿಯ ಗುರಾಣಿ. ಗುರಾಣಿಯನ್ನು ನಿಲ್ಲಿಸಿದರೂ ರಕ್ಷಣೆ ಒಳಗೆ ನಡೆಯುತ್ತಲೇ ಇರುತ್ತದೆ, ಆದರೆ ಹಳದಿ ಅಥವಾ ಕೆಂಪು ಗುರುತು ಬಂದದ್ದು ನಿಮಗೆ ಕಾಣಿಸುವುದಿಲ್ಲ.

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಹೆಸರು ಸರಿಯಾಗಿ ಓದದೆ ನುಡಿಯನ್ನೂ ನಿಲ್ಲಿಸಿ ಶಿವಮೊಗ್ಗದ ಬಸ್ ಹತ್ತಿದ್ದೆ. ಮರುದಿನ ಬೆಳಿಗ್ಗೆ ಫೋನು: “ಸೊಸೈಟಿಗೆ ಪತ್ರ ಬರೆಯಬೇಕಿತ್ತು. ನನ್ನ ಕನ್ನಡ ಎಲ್ಲಿ ಹೋಯಿತು?” ಫೋನಿನಲ್ಲೇ ದಾರಿ ಹೇಳಿ ಎನೇಬಲ್ ಮಾಡಿಸುವಷ್ಟರಲ್ಲಿ ಇಬ್ಬರಿಗೂ ಸಾಕಾಗಿತ್ತು. ನೋಟ್‌ಬುಕ್ಕಿನ ಮಾತು ಅಲ್ಲಿಂದ ಬಂದದ್ದು.

ಪಟ್ಟಿಯಲ್ಲಿ ಬರೀ ‘ಪ್ರೋಗ್ರಾಂ’ ಎಂಬ ಹೆಸರು, ಬಿಳಿ ಹಾಳೆಯಂಥ ಚಿತ್ರ

ನೋಡಿದವರು ವೈರಸ್ ಎಂದು ಗಾಬರಿಯಾಗುತ್ತಾರೆ. ಬಹುತೇಕ ಸಲ ಅದು ವೈರಸ್ ಅಲ್ಲ. ಹಿಂದೆ ತೆಗೆದುಹಾಕಿದ ತಂತ್ರಾಂಶವೊಂದು ತನ್ನ ವಿಳಾಸವನ್ನು ಬಿಟ್ಟುಹೋಗಿದೆ, ಆ ವಿಳಾಸದ ಸುತ್ತ ಉದ್ಧರಣ ಚಿಹ್ನೆ ಇರಲಿಲ್ಲ. ವಿಂಡೋಸ್ ಅದನ್ನು ಓದುತ್ತಾ ‘ಪ್ರೋಗ್ರಾಂ ಫೈಲ್ಸ್’ ಎಂಬಲ್ಲಿ ಎರಡು ಪದಗಳ ನಡುವಿನ ಖಾಲಿ ಜಾಗ ಬಂದೊಡನೆ ನಿಂತು, ಮೊದಲ ಪದವನ್ನೇ ಹೆಸರು ಎಂದುಕೊಂಡಿದೆ. ಪಟ್ಟಿಯ ತಲೆಸಾಲಿನ ಮೇಲೆ ಬಲ ಗುಂಡಿ ಒತ್ತಿ ಕಮಾಂಡ್ ಲೈನ್ ಆರಿಸಿದರೆ ಪೂರ್ತಿ ವಿಳಾಸ ಕಾಣುತ್ತದೆ, ಅದರಲ್ಲಿ ಕಂಪನಿಯ ಹೆಸರು ಇದ್ದೇ ಇರುತ್ತದೆ. ಡಿಸೇಬಲ್ ಮಾಡಿ ಮುಂದೆ ಹೋಗಿ.

ಇದೇ ಕಮಾಂಡ್ ಲೈನ್ ಗುರುತು ಸಿಗದ ಬೇರೆಯವರ ಜಾತಕವನ್ನೂ ಹೇಳುತ್ತದೆ. ಪ್ರೋಗ್ರಾಂ ಫೈಲ್ಸ್ ಒಳಗೆ, ತಿಳಿದ ಕಂಪನಿಯ ಹೆಸರಿನ ಕೆಳಗೆ ಇದ್ದರೆ ಭಯ ಕಡಿಮೆ. ಟೆಂಪ್ ಫೋಲ್ಡರಿನಲ್ಲಿದ್ದು ಹೆಸರು ಅರ್ಥವಿಲ್ಲದ ಅಕ್ಷರಗಳ ಸರಮಾಲೆಯಾಗಿದ್ದರೆ ಅನುಮಾನಪಡಿ. ಆ್ಯಪ್‌ಡೇಟಾ ಎಂಬ ಫೋಲ್ಡರ್ ಮಾತ್ರ ಎರಡೂ ಬಗೆಯವರ ಮನೆ. ಒಳ್ಳೆಯ ಹರಟೆ ಆ್ಯಪ್‌ಗಳೂ ಅಲ್ಲಿರುತ್ತವೆ, ಕಳ್ಳರೂ ಅಲ್ಲೇ ಅಡಗುತ್ತಾರೆ.

ಮೂಲೆಯಲ್ಲಿ ಐಕಾನುಗಳು ತುಂಬಿವೆ

ಮೂರು ಕೆಲಸಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಐಕಾನನ್ನು ಮರೆಮಾಡುವುದು ಒಂದು. ಈಗ ಓಡುತ್ತಿರುವ ಪ್ರೋಗ್ರಾಂ ಮುಚ್ಚುವುದು ಇನ್ನೊಂದು. ನಾಳೆ ಮತ್ತೆ ಬರದಂತೆ ತಡೆಯುವುದು ಮೂರನೆಯದು. ವಿಂಡೋಸ್ 11ರಲ್ಲಿ ಸೆಟಿಂಗ್ಸ್, ಪರ್ಸನಲೈಸೇಷನ್, ಟಾಸ್ಕ್‌ಬಾರ್ ಒಳಗೆ ಅದರ್ ಸಿಸ್ಟಮ್ ಟ್ರೇ ಐಕಾನ್ಸ್ ಎಂದಿದೆ. ಅಲ್ಲಿ ಗುಂಡಿ ಆಫ್ ಮಾಡಿದರೆ ಐಕಾನು ಮೇಲ್ಮುಖದ ಬಾಣದ ಹಿಂದೆ ಹೋಗಿ ಕುಳಿತುಕೊಳ್ಳುತ್ತದೆ. ಅಷ್ಟೆ. ನೆಂಟರನ್ನು ಜಗಲಿಯಿಂದ ಎಬ್ಬಿಸಿ ಒಳಮನೆಯಲ್ಲಿ ಕೂರಿಸಿದ ಹಾಗೆ, ಊಟದ ಖರ್ಚು ಅದೇ. ಕಣ್ಣಿಗೆ ಕಿರಿಕಿರಿ ಎಂಬುದಷ್ಟೇ ನಿಮ್ಮ ದೂರಾದರೆ ಇದು ಸಾಕು. ವೇಗ ಬೇಕಿದ್ದರೆ ಐಕಾನಿನ ಮೇಲೆ ಬಲ ಗುಂಡಿ ಒತ್ತಿ ಕ್ವಿಟ್ ಅಥವಾ ಎಕ್ಸಿಟ್ ಕೊಡಿ, ಆಮೇಲೆ ಸ್ಟಾರ್ಟಪ್ ಪಟ್ಟಿಯಲ್ಲಿ ನಿಲ್ಲಿಸಿ.

ಒಂದು ವಿಚಿತ್ರ ನೋಡಿರಬಹುದು: ಮೌಸ್ ಬಾಣವನ್ನು ಐಕಾನುಗಳ ಮೇಲೆ ನಿಧಾನ ಎಳೆದರೆ ಒಂದೆರಡು ಕಣ್ಣೆದುರೇ ಮಾಯವಾಗುತ್ತವೆ. ಆ ಪ್ರೋಗ್ರಾಂ ಆಗಲೇ ಕುಸಿದುಬಿದ್ದಿತ್ತು, ಸಾಯುವ ಮೊದಲು ಐಕಾನನ್ನು ತೆಗೆಯಲು ಅದಕ್ಕೆ ಸಮಯ ಸಿಗಲಿಲ್ಲ. ಬಾಣ ತಾಗಿದಾಗ ವಿಂಡೋಸ್ ಒಡೆಯನನ್ನು ಹುಡುಕುತ್ತದೆ, ಯಾರೂ ಇಲ್ಲ ಎಂದು ತಿಳಿದು ಅಳಿಸುತ್ತದೆ. ದಿನಾ ಒಂದೇ ಐಕಾನು ಹೀಗೆ ಮಾಯವಾಗುತ್ತಿದ್ದರೆ ಆ ತಂತ್ರಾಂಶವನ್ನು ತೆಗೆದು ಹೊಸದಾಗಿ ಹಾಕಿ. ತಿರುಗಾಮುರುಗಾ ಆಗಿ ಬೇಕಾದ ಧ್ವನಿಯ ಅಥವಾ ವೈಫೈ ಐಕಾನೇ ಕಾಣದಿದ್ದರೆ, ಟಾಸ್ಕ್ ಮ್ಯಾನೇಜರಿನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಹುಡುಕಿ ರೀಸ್ಟಾರ್ಟ್ ಕೊಡಿ. ಪರದೆ ಒಂದು ಕ್ಷಣ ಮಿಟುಕಿಸಿ ಮರಳುತ್ತದೆ.

ನಿಲ್ಲಿಸಿದರೂ ಮರುದಿನ ಹಾಜರು

ಮೊದಲು ಆ ಪ್ರೋಗ್ರಾಂ ಒಳಗಿನ ಸೆಟಿಂಗ್ಸ್ ನೋಡಿ. ವಿಂಡೋಸ್ ಜೊತೆ ಶುರುವಾಗಲಿ ಎಂಬ ಟಿಕ್ ಅಲ್ಲಿ ಉಳಿದಿದ್ದರೆ, ಅಪ್‌ಡೇಟ್ ಆದಾಗಲೆಲ್ಲ ಅದು ಪಟ್ಟಿಗೆ ಮರಳಿ ಹೆಸರು ಬರೆಸಿಕೊಳ್ಳಬಹುದು.

ಎರಡನೆಯದು ಸ್ಟಾರ್ಟಪ್ ಫೋಲ್ಡರ್. ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ, ಬಂದ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಶೆಲ್’ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ‘ಸ್ಟಾರ್ಟಪ್’ ಎಂದು ಸೇರಿಸಿ. ತೆರೆದುಕೊಳ್ಳುವ ಫೋಲ್ಡರಿನಲ್ಲಿ ಬೇಡದ ಶಾರ್ಟ್‌ಕಟ್ ಇದ್ದರೆ ಬೇರೆಡೆಗೆ ಸರಿಸಿ.

ಮೂರನೆಯದು ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಸೆಟಿಂಗ್ಸ್, ಅಕೌಂಟ್ಸ್, ಸೈನ್ ಇನ್ ಆಪ್ಷನ್ಸ್ ಒಳಗೆ, ಆರಿಸುವಾಗ ತೆರೆದಿದ್ದ ಆ್ಯಪ್‌ಗಳನ್ನು ನೆನಪಿಟ್ಟು ಮತ್ತೆ ತೆರೆಯುವ ಒಂದು ಗುಂಡಿ ಇದೆ. ಅದು ಚಾಲೂ ಇದ್ದರೆ ಸ್ಟಾರ್ಟಪ್ ಪಟ್ಟಿ ಎಷ್ಟು ಚೊಕ್ಕಟವಿದ್ದರೂ ನಿನ್ನೆಯ ಕಿಟಕಿಗಳು ಇವತ್ತು ಎದುರಾಗುತ್ತವೆ. ಬ್ರೌಸರುಗಳ ಒಳಗೂ ಇಂಥದ್ದೇ ಇದೆ: ಕ್ರೋಮ್ ಸೆಟಿಂಗ್ಸಿನ ಸಿಸ್ಟಮ್ ಪುಟದಲ್ಲಿ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಓಡುವ ಅನುಮತಿ, ಎಡ್ಜ್‌ನಲ್ಲಿ ಸ್ಟಾರ್ಟಪ್ ಬೂಸ್ಟ್.

ಇಷ್ಟಾದರೂ ಬರುತ್ತಿದ್ದರೆ, ಮತ್ತು ಅದು ನಿಮಗೆ ಬೇಡವೇ ಬೇಡ ಎಂದಾದರೆ, ಸೆಟಿಂಗ್ಸಿನ ಆ್ಯಪ್ಸ್ ಪಟ್ಟಿಯಿಂದ ಅನ್‌ಇನ್‌ಸ್ಟಾಲ್ ಮಾಡುವುದೇ ನೇರ ದಾರಿ. ಅವಧಿ ಮುಗಿದ ಆಂಟಿವೈರಸ್ ದಿನಾ ದುಡ್ಡು ಕೇಳುತ್ತಿದ್ದರೆ ಇದೇ ಮದ್ದು. ಅದನ್ನು ತೆಗೆದ ಮೇಲೆ ವಿಂಡೋಸಿನದೇ ಡಿಫೆಂಡರ್ ತಾನಾಗಿ ಕೆಲಸಕ್ಕೆ ನಿಲ್ಲುತ್ತದೆ. ಗುರಾಣಿಯ ಮೇಲೆ ಹಸಿರು ಟಿಕ್ ಬಂದಿದೆಯೇ ನೋಡಿಕೊಳ್ಳಿ.

ವೇಗ ಹೆಚ್ಚಿಸುತ್ತೇವೆ, ಕಸ ಗುಡಿಸುತ್ತೇವೆ ಎನ್ನುವ ಉಚಿತ ತಂತ್ರಾಂಶಗಳನ್ನು ಇದಕ್ಕಾಗಿ ಇಳಿಸಿಕೊಳ್ಳಬೇಡಿ. ಇಲಿ ಓಡಿಸಲು ಹೆಗ್ಗಣ ಸಾಕಿದ ಹಾಗಾಗುತ್ತದೆ. ಚಿಕ್ಕಪ್ಪನ 15ರಲ್ಲಿ ಅಂಥವು ಎರಡಿದ್ದವು.

ಕನ್ನಡ ಟೈಪ್ ಮಾಡಿದರೆ ಅಕ್ಷರ ಕಲಸುಮೇಲೋಗರ

ನುಡಿ, ಅದರಂಥದೇ ಕನ್ನಡ ತಂತ್ರಾಂಶವಾದ ‘ಬರಹ’ ಎರಡೂ ಒಟ್ಟಿಗೆ ಶುರುವಾಗುತ್ತಿವೆಯೇ ನೋಡಿ. ಅಥವಾ ನುಡಿ ಚಾಲೂ ಇರುವಾಗಲೇ ವಿಂಡೋಸಿನ ಸ್ವಂತ ಕನ್ನಡ ಕೀಲಿಮಣೆಯೂ ಆಯ್ಕೆಯಾಗಿದೆಯೇ ನೋಡಿ. ಒಂದೇ ಕೀಲಿಯನ್ನು ಇಬ್ಬರು ಹಿಡಿದೆಳೆದರೆ ‘ಅಡಿಕೆ’ ಅಡಿಕೆಯಾಗಿ ಬರುವುದಿಲ್ಲ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಕೀಲಿಮಣೆಯನ್ನು ಇಂಗ್ಲಿಷಿಗೆ ತನ್ನಿ, ಸ್ಟಾರ್ಟಪ್‌ನಲ್ಲಿ ಒಂದೇ ಕನ್ನಡ ತಂತ್ರಾಂಶ ಉಳಿಸಿಕೊಳ್ಳಿ.

ಆನ್ ಮಾಡಿದೊಡನೆ ‘ಫೈಲ್ ಸಿಗುತ್ತಿಲ್ಲ’ ಎಂಬ ಪೆಟ್ಟಿಗೆ

ಪೆಟ್ಟಿಗೆಯ ತಲೆಯಲ್ಲಿ ರನ್‌ಡಿಎಲ್‌ಎಲ್ ಅಥವಾ ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್ ಎಂದಿರುತ್ತದೆ. ಫೈಲ್ ಹೋಗಿದೆ, ಅದನ್ನು ಕರೆಯುವ ಸಾಲು ಉಳಿದಿದೆ. ತೆಗೆದುಹಾಕಿದ ಯಾವುದೋ ಪ್ರೋಗ್ರಾಮಿನ ಕುರುಹಾಗಿದ್ದರೆ ತೊಂದರೆಯಿಲ್ಲ. ಆದರೆ ಸ್ಕ್ರಿಪ್ಟ್ ಹೋಸ್ಟ್ ಎಂದಿದ್ದು, ನಿಮ್ಮ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ಟುಗಳಾಗಿ ಕಾಣುತ್ತಿದ್ದರೆ, ಅದು ಜೆರಾಕ್ಸ್, ಪ್ರಿಂಟ್ ಎಂದು ಹತ್ತು ಕಂಪ್ಯೂಟರ್ ಸುತ್ತಿದ ಪೆನ್‌ಡ್ರೈವ್ ತಂದ ಕಾಯಿಲೆ. ಆ ಶಾರ್ಟ್‌ಕಟ್ಟುಗಳ ಮೇಲೆ ಒತ್ತಬೇಡಿ. ನಿಮ್ಮ ನಿಜವಾದ ಫೋಲ್ಡರುಗಳು ಹೆಚ್ಚಾಗಿ ಅದೇ ಪೆನ್‌ಡ್ರೈವಿನಲ್ಲಿ ಮರೆಯಾಗಿ ಕುಳಿತಿರುತ್ತವೆ, ಫಾರ್ಮ್ಯಾಟ್ ಮಾಡಿ ಕಳೆದುಕೊಳ್ಳಬೇಡಿ. ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್ ಒಳಗೆ ಆಫ್‌ಲೈನ್ ಸ್ಕ್ಯಾನ್ ಕೊಡಿ. ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ತೆಗೆದುಕೊಳ್ಳುತ್ತದೆ, ಯುಪಿಎಸ್ ಬ್ಯಾಟರಿ ತುಂಬಿರುವಾಗ ಮಾಡಿ.

ಉಳಿದ ಸಾಲನ್ನು ಹುಡುಕಲು ಆಟೋರನ್ಸ್ ಎಂಬ ಉಚಿತ ಸಾಧನವಿದೆ. ಮೈಕ್ರೋಸಾಫ್ಟ್ 2006ರಲ್ಲಿ ಕೊಂಡ ಸಿಸ್‌ಇಂಟರ್ನಲ್ಸ್ ಬಳಗದ್ದು, ಮೈಕ್ರೋಸಾಫ್ಟಿನ ತಾಣದಿಂದಲೇ ಇಳಿಸಿಕೊಳ್ಳಿ. ಟಾಸ್ಕ್ ಮ್ಯಾನೇಜರ್ ತೋರಿಸದ ಎಷ್ಟೋ ಮೂಲೆಗಳನ್ನು ಇದು ತೋರಿಸುತ್ತದೆ. ಹಳದಿ ಬಣ್ಣದ ಸಾಲೆಂದರೆ ಫೈಲ್ ಇಲ್ಲ ಎಂದು. ಗುಲಾಬಿ ಎಂದರೆ ತಯಾರಕನ ಸಹಿ ದೃಢಪಟ್ಟಿಲ್ಲ, ಅಷ್ಟಕ್ಕೇ ಅದು ವೈರಸ್ ಆಗಬೇಕಿಲ್ಲ. ಮೊದಲು ಮೈಕ್ರೋಸಾಫ್ಟಿನ ಸಾಲುಗಳನ್ನು ಮರೆಮಾಡುವ ಆಯ್ಕೆ ಕೊಡಿ. ಸಾಲನ್ನು ಡಿಲೀಟ್ ಮಾಡಬೇಡಿ, ಮುಂದಿನ ಟಿಕ್ ಮಾತ್ರ ತೆಗೆಯಿರಿ. ಅರ್ಥವಾಗದ ಸಾಲನ್ನು ಮುಟ್ಟಬೇಡಿ. ರಿಜಿಸ್ಟ್ರಿ ಎಡಿಟರ್ ತೆರೆದು ಕೈಯಾರೆ ಕೀಳುವ ಕೆಲಸ, ಎಂಎಸ್‌ಕಾನ್ಫಿಗ್‌ನಲ್ಲಿ ಸರ್ವಿಸಸ್ ಎಲ್ಲವನ್ನೂ ಒಂದೇ ಏಟಿಗೆ ನಿಲ್ಲಿಸುವ ಕೆಲಸ ಮನೆಯವರಿಗಲ್ಲ. ಹಾಗೆ ಮಾಡಿ ವೈಫೈ, ಧ್ವನಿ ಹೋಗಿದ್ದರೆ, ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟು, ಬರುವ ಮೆನುವಿನಿಂದ ಸೇಫ್ ಮೋಡ್‌ಗೆ (ಅಗತ್ಯದ ಭಾಗಗಳಷ್ಟೇ ಓಡುವ ಸ್ಥಿತಿ) ಹೋಗಿ ಹಿಂದಿರುಗಿಸಬಹುದು.

ಮೂಲೆಯಿಂದ ‘ನಿಮ್ಮ ಕಂಪ್ಯೂಟರಿಗೆ ವೈರಸ್’ ಎಂಬ ಕೆಂಪು ಚೀಟಿ

ಚೀಟಿಯ ಮೇಲೋ ಕೆಳಗೋ ಬ್ರೌಸರಿನ ಹೆಸರು ಅಥವಾ ಯಾವುದೋ ಜಾಲತಾಣದ ವಿಳಾಸ ಸಣ್ಣಗೆ ಇದೆಯೇ ನೋಡಿ. ಇದ್ದರೆ ಇದು ಪ್ರೋಗ್ರಾಂ ಅಲ್ಲ, ಎಂದೋ ‘ಅಲೋ’ ಒತ್ತಿ ನೀವೇ ಕೊಟ್ಟ ಅನುಮತಿ. ಕ್ರೋಮ್ ಸೆಟಿಂಗ್ಸಿನ ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟಿಂಗ್ಸ್, ನೋಟಿಫಿಕೇಷನ್ಸ್ ಒಳಗೆ ಗುರುತಿಲ್ಲದ ತಾಣಗಳನ್ನೆಲ್ಲ ತೆಗೆದರೆ ಚೀಟಿ ನಿಲ್ಲುತ್ತದೆ.

ಚೀಟಿಯಲ್ಲಿ ಫೋನ್ ನಂಬರ್ ಇದ್ದರೆ ಕರೆ ಮಾಡಬೇಡಿ. ಆಗಲೇ ಕರೆ ಮಾಡಿ, ಅವರು ಹೇಳಿದ ಪ್ರೋಗ್ರಾಂ ಹಾಕಿ, ಕಂಪ್ಯೂಟರನ್ನು ದೂರದಿಂದ ನೋಡಲು ಬಿಟ್ಟಿದ್ದರೆ ಮೊದಲು ಇಂಟರ್ನೆಟ್ ಕಡಿಯಿರಿ. ಬ್ಯಾಂಕಿನ ಪಾಸ್‌ವರ್ಡನ್ನು ಬೇರೆ ಸಾಧನದಿಂದ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸ್ಟಾರ್ಟಪ್ ಪಟ್ಟಿಯ ವಿಚಾರ ಆಮೇಲೆ ನೋಡಿದರಾಯಿತು.

ಪಟ್ಟಿ ಖಾಲಿ, ಆದರೂ ನಿಧಾನ

ಟಾಸ್ಕ್ ಮ್ಯಾನೇಜರಿನ ಮೊದಲ ಪುಟದಲ್ಲಿ ಡಿಸ್ಕ್ ಎಂಬ ಸಾಲು ಆನ್ ಮಾಡಿ ಹತ್ತು ನಿಮಿಷವಾದರೂ 100ರ ಹತ್ತಿರವೇ ನಿಂತಿದ್ದರೆ, ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕಿನ ಹೆಸರಿನ ಕೆಳಗೆ ಎಚ್‌ಡಿಡಿ ಎಂದಿದೆಯೇ ಎಸ್‌ಎಸ್‌ಡಿ ಎಂದಿದೆಯೇ ನೋಡಿ. ಎಚ್‌ಡಿಡಿ ಎಂದರೆ ಒಳಗೆ ತಟ್ಟೆ ತಿರುಗುವ ಹಳೆಯ ಬಗೆ, ಎಸ್‌ಎಸ್‌ಡಿ ಎಂದರೆ ತಿರುಗುವ ಭಾಗವಿಲ್ಲದ ವೇಗದ ಬಗೆ. ಅದರ ಮೇಲೆ ಇವತ್ತಿನ ವಿಂಡೋಸ್ ಕಷ್ಟಪಟ್ಟೇ ಓಡುತ್ತದೆ, ಎಸ್‌ಎಸ್‌ಡಿ ಹಾಕಿಸಿದರೆ ಅದೇ ಕಂಪ್ಯೂಟರ್ ಬೇರೆಯೇ ಆಗಿ ಕಾಣುತ್ತದೆ. ಮೆಮೊರಿ ಸಾಲು 90 ದಾಟಿ ನಿಂತಿದ್ದರೆ ರ‍್ಯಾಮ್ ಕಡಿಮೆ ಬಿದ್ದಿದೆ.

ಡಿಸ್ಕಿನಿಂದ ಟಕ್ ಟಕ್ ಸದ್ದು, ಫೈಲ್ ತೆರೆಯುವಾಗ ತಪ್ಪು ಸಂದೇಶ, ಇದ್ದಕ್ಕಿದ್ದಂತೆ ಫೋಲ್ಡರ್ ಕಾಣೆ. ಇವುಗಳಲ್ಲಿ ಒಂದಾದರೂ ಇದ್ದರೆ ಎಲ್ಲ ಪ್ರಯೋಗ ಅಲ್ಲಿಗೇ ನಿಲ್ಲಿಸಿ. ಸ್ಕ್ಯಾನ್ ಬೇಡ, ಅನ್‌ಇನ್‌ಸ್ಟಾಲ್ ಬೇಡ. ತೀರಾ ಬೇಕಾದ ಫೈಲುಗಳನ್ನು ಮೊದಲು ಹೊರಗೆ ತೆಗೆಯಿರಿ, ಅದೂ ಆಗದಿದ್ದರೆ ಆರಿಸಿ ತಿಳಿದವರ ಹತ್ತಿರ ಒಯ್ಯಿರಿ.

ಶಿವಮೊಗ್ಗದ ದುರ್ಗಿಗುಡಿಗೋ ನಿಮ್ಮ ತಾಲ್ಲೂಕು ಪೇಟೆಯ ಅಂಗಡಿಗೋ ಒಯ್ಯುವಾಗ ನೋಟ್‌ಬುಕ್ಕಿನ ಆ ಹಾಳೆಯನ್ನೂ ತೋರಿಸಿ. ‘ಸ್ಲೋ ಆಗಿದೆ’ ಎಂದಷ್ಟೇ ಹೇಳಿ ಬಿಟ್ಟುಬಂದರೆ ಫಾರ್ಮ್ಯಾಟ್ ಮಾಡಿ ಕೊಡುವುದು ಅಂಗಡಿಯವರಿಗೆ ಸುಲಭ. ಫಾರ್ಮ್ಯಾಟ್‌ಗೆ ಮೊದಲು ಕೇಳಬೇಕು ಎಂದು ಚೀಟಿಯಲ್ಲೇ ಬರೆಸಿ. ಡಿಸ್ಕ್ ಬದಲಿಸಿದರೆ ಹಳೆಯದನ್ನು ಕೇಳಿ ಮನೆಗೆ ತನ್ನಿ, ನಿಮ್ಮ ಪಹಣಿ, ಪಾಸ್‌ಬುಕ್, ಮದುವೆ ಫೋಟೊ ಎಲ್ಲ ಇನ್ನೂ ಅದರಲ್ಲಿವೆ. ಚಿಕ್ಕಪ್ಪನದು ಈಗ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಬೀರುವಿನ ಮೇಲಿನ ಖಾನೆಯಲ್ಲಿದೆ.